ಚರ್ಚ್‌ಗೆ ಮರಳುವವರ ಕೂಟ: ಹೋಗಬಹುದಾ?

ಚರ್ಚ್‌ಗೆ ಹೋಗುವುದನ್ನು ಬಿಟ್ಟು, ವರ್ಷಗಳಾದ ಮೇಲೆ ಮತ್ತೆ ಬರಬೇಕು ಅನ್ನಿಸುವ ಕಥೋಲಿಕರಿಗಾಗಿ ಕೆಲವು ಧರ್ಮಕೇಂದ್ರಗಳು (ಆಯಾ ಪ್ರದೇಶದ ಚರ್ಚ್‌ಗಳು) ವಾರಕ್ಕೊಂದು ಸಂಜೆ ಕೂಟ ನಡೆಸುತ್ತವೆ. ದುಡ್ಡಿಲ್ಲ, ಯಾರ ಶಿಫಾರಸೂ ಬೇಡ. ಅಂಥದ್ದೊಂದಕ್ಕೆ ಕೊನೆಯವರೆಗೂ ಹೋಗಿ ಬಂದೆ. ಹೋಗಬಹುದಾ ಅಂತ ಕೇಳಿದರೆ, ಖಂಡಿತ ಹೋಗಿ. ಪಾಪನಿವೇದನೆಗೆ, ಅಂದರೆ ಫಾದರ್ ಎದುರು ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ, ಮಾತ್ರ ಕೂಟವನ್ನು ನಂಬಿ ಕೂರಬೇಡಿ, ಫಾದರ್ ಹತ್ತಿರ ನೀವೇ ಮಾತಾಡಿ ಸಮಯ ಗೊತ್ತು ಮಾಡಿಕೊಳ್ಳಿ.

ಮೊದಲ ಸಂಜೆ ಪಾಠವೇ ಇರಲಿಲ್ಲ. ನನಗೆ ಇದು ತುಂಬಾ ಹಿಡಿಸಿತು. ನಡೆಸುತ್ತಿದ್ದವರು ಫಾದರ್ ಅಲ್ಲ, ತಾವೂ ಒಮ್ಮೆ ಬಿಟ್ಟು ಹೋಗಿ ಮರಳಿದವರು. ಯಾಕೆ ಬಿಟ್ಟಿರಿ ಅಂತ ಕೇಳಿದರು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಒಬ್ಬರಿಗೆ ಮಗು ತೀರಿಕೊಂಡ ಮೇಲೆ ಜಪ ಬಾಯಿಗೇ ಬರಲಿಲ್ಲವಂತೆ. ಇನ್ನೊಬ್ಬರದು ಜಗಳ, ಸಿಟ್ಟು ಏನೂ ಇಲ್ಲ, ಒಂದು ಭಾನುವಾರ ತಪ್ಪಿತು, ಇನ್ನೊಂದು ತಪ್ಪಿತು, ಆಮೇಲೆ ಹೋಗೋಕೆ ನಾಚಿಕೆಯಾಗಿ ನಿಂತೇಹೋಯಿತು. ಯಾರೂ ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳಲಿಲ್ಲ.

ಮುಂದಿನ ವಾರ ಒಬ್ಬ ಮಹಿಳೆ ಮಾತಾಡಿದರು. ವಿಚ್ಛೇದನವಾದ ಮೇಲೆ ಪರಮಪ್ರಸಾದ (ಚರ್ಚ್‌ನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡೇ ಇಲ್ಲ. ವಿಚ್ಛೇದನ ಪಡೆದವರನ್ನು ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್, ಹೊರಗಿಡುತ್ತದೆ ಅಂತ ಯಾರೋ ಸಂಬಂಧಿಕರು ಹೇಳಿದ್ದರಂತೆ. ಮತ್ತೆ ಮದುವೆಯಾಗಿಲ್ಲ, ಒಬ್ಬರೇ ಇದ್ದಾರೆ. ವಿಚ್ಛೇದನ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಪರಮಪ್ರಸಾದಕ್ಕೆ ತಡೆಯಿಲ್ಲ, ಪಾಪನಿವೇದನೆ ಮಾಡಿ ಧಾರಾಳವಾಗಿ ಬನ್ನಿ ಅಂದರು ನಡೆಸುವವರು. ಆಕೆ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಹಾಗಾದ್ರೆ ಇಷ್ಟು ವರ್ಷ ನಾನು ಸುಮ್ನೆ ಹಿಂದಿನ ಬೆಂಚಲ್ಲಿ ಕೂತಿದ್ನಾ?" ಅಂದರು. ಇಂಥ ಒಂದು ಉತ್ತರ ಸಿಗುವುದಕ್ಕಾದರೂ ಪ್ರತಿ ಧರ್ಮಕೇಂದ್ರದಲ್ಲೂ ಈ ಕೂಟ ಇರಬೇಕು.

ಮರುಮದುವೆ ಆದವರದು, ಅಥವಾ ಧರ್ಮಸಭೆಯ ಅನುಮತಿಯಿಲ್ಲದೆ ಬರೀ ರಿಜಿಸ್ಟರ್ ಮದುವೆ ಆದವರದು ಬೇರೆ ವಿಷಯ. ಮೊದಲ ಮದುವೆ ಊರ್ಜಿತವೋ ಅಲ್ಲವೋ ಅಂತ ಧರ್ಮಸಭೆಯ ನ್ಯಾಯಮಂಡಳಿ ನೋಡಬೇಕಾಗಬಹುದು, ಇಲ್ಲವೇ ಈಗಿನ ಮದುವೆಯನ್ನು ಧರ್ಮಸಭೆಯಲ್ಲಿ ಸರಿಪಡಿಸಿಕೊಳ್ಳಬೇಕಾಗಬಹುದು. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದನ್ನು ಶುರುವಿನಲ್ಲೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಬೇಕಿತ್ತು. ನಾನು ಹೋದ ಕೂಟದಲ್ಲಿ ಕೊನೆಯ ವಾರ ಎಲ್ಲರೆದುರು ಹೇಳಿದರು. ಪರಮಪ್ರಸಾದಕ್ಕೆ ಆಸೆಯಿಂದ ಕಾಯುತ್ತಿದ್ದ ಒಂದು ಜೋಡಿ ಅವತ್ತು ಚಹಾಕ್ಕೂ ನಿಲ್ಲದೆ ಹೊರಟುಹೋಯಿತು. ನನಗಿನ್ನೂ ಬೇಜಾರಿದೆ.

ಇನ್ನು ಪಾಪನಿವೇದನೆ. ಶನಿವಾರ ಸಂಜೆ ಬಲಿಪೂಜೆಗೆ (ಮಾಸ್‌ಗೆ) ಮುಂಚೆ ಅರ್ಧ ಗಂಟೆ, ಎಂದಿನವರ ಜೊತೆಗೇ ಕ್ಯೂ ನಿಲ್ಲಿ ಅಂದುಬಿಟ್ಟರು. ಎಷ್ಟೋ ವರ್ಷದ್ದನ್ನು ಹೊತ್ತು ಬಂದವರು ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸಬೇಕು ಅಂದರೆ ಹೇಗೆ? ಪಾಪನಿವೇದನೆಯ ಕೋಣೆ ಚಿತ್ರಹಿಂಸೆಯ ಕೋಣೆ ಆಗಬಾರದು ಅಂತ ಪೋಪ್ ಫ್ರಾನ್ಸಿಸ್ 2013ರಲ್ಲೇ ಬರೆದಿದ್ದರು. ನಾನು ಫೋನ್ ಮಾಡಿ ಬೇರೆ ದಿನ ಕೇಳಿದೆ, ಫಾದರ್ ತಕ್ಷಣ ಒಪ್ಪಿದರು. ನನಗೂ ಫಾದರ್‌ಗೂ ನಡುವಿನ ಜಾಲರಿಯ ಪಕ್ಕದಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯ ಕಾರ್ಡ್ ಅಂಟಿಸಿತ್ತು, ಮೂಲೆ ಎದ್ದುಬಂದಿತ್ತು, ಅಕ್ಷರ ಮಾತ್ರ ದೊಡ್ಡದು. ಎಲ್ಲಿಂದ ಶುರು ಮಾಡಲಿ ಗೊತ್ತಾಗ್ತಿಲ್ಲ ಫಾದರ್ ಅಂದೆ. "ಹತ್ತು ಆಜ್ಞೆಗಳನ್ನ ನಾನೇ ಒಂದೊಂದಾಗಿ ಕೇಳ್ತಾ ಹೋಗ್ತೀನಿ, ನೀವು ನೆನಪಿದ್ದಷ್ಟು ಹೇಳಿ" ಅಂದರು. ಅಷ್ಟು ಹೇಳಿದ ಮೇಲೆ ನನ್ನ ಹೆದರಿಕೆ ಇಳಿಯಿತು.

ಹೆದರುವವರಿಗೆ ಒಂದೆರಡು ಮಾತು. ಘೋರ ಪಾಪಗಳು ಯಾವುವು, ಸುಮಾರು ಎಷ್ಟು ಸಲ ಅಂತ ನೆನಪಿದ್ದಷ್ಟು ಹೇಳಬೇಕು, ನಿಜವಾಗಿ ಮರೆತದ್ದಕ್ಕೂ ಕ್ಷಮೆ ಇದೆ. ಮುಖ ತೋರಿಸಬೇಕಾಗಿಲ್ಲ, ಜಾಲರಿ ಇರುವುದೇ ಅದಕ್ಕೆ. ಕೇಳಿದ್ದನ್ನು ಬೇಕಂತಲೇ ಹೊರಗೆ ಹೇಳಿ ಗುಟ್ಟು ಮುರಿದ ಫಾದರ್‌ಗೆ ಆ ಕ್ಷಣವೇ ಬಹಿಷ್ಕಾರ, ಧರ್ಮಸಭೆಯ ಕಾನೂನು ಅಷ್ಟು ಕಟ್ಟುನಿಟ್ಟು. ಎಷ್ಟು ವರ್ಷ ದೂರ ಇದ್ದರೂ ಕ್ರೈಸ್ತರಾಗುವಾಗ ಪಡೆದ ದೀಕ್ಷಾಸ್ನಾನ ಅಳಿಯುವುದಿಲ್ಲ, ಮತ್ತೆ ಕೊಡುವುದೂ ಇಲ್ಲ.

ಕೂಟ ನಡೆಸುವವರಲ್ಲಿ ಒಂದು ವಿನಂತಿ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದ) ನಾಲ್ಕನೇ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಶನಿವಾರ "ಕರ್ತರಿಗಾಗಿ 24 ಗಂಟೆ" ಅಂತ 2014ರಿಂದ ಎಷ್ಟೋ ಚರ್ಚ್‌ಗಳು ಪಾಪನಿವೇದನೆಗಾಗಿಯೇ ಬಾಗಿಲು ತೆರೆದಿಡುತ್ತವೆ. ಕೂಟವನ್ನು ಆ ವಾರಕ್ಕೆ ಮುಗಿಯುವಂತೆ ಇಡಿ, ಬಂದವರಿಗೆ ಸಮಯ ಸಿಗುತ್ತದೆ. ಇದನ್ನು ಅಲ್ಲಿ ಬರೆದು ಕೊಟ್ಟಿದ್ದೇನೆ, ಮುಂದಿನ ತಂಡಕ್ಕೆ ಹಾಗೇ ಮಾಡೋಣ ಅಂದಿದ್ದಾರೆ.