ಮೈಕ್ರೋಸಾಫ್ಟ್ ಪ್ರಾಜೆಕ್ಟ್, ನಾಲ್ಕು ವರ್ಷದ ಮೇಲೆ: ದಿನಾಂಕ ಟೈಪ್ ಮಾಡಬೇಡಿ, ಲಿಂಕ್ ಕೊಡಿ

ಯಲಹಂಕದ ಸುತ್ತಮುತ್ತ ನಾಲ್ಕೈದು ಮಹಡಿಯ ಕಟ್ಟಡ ಕಟ್ಟುವ ತಂಡದಲ್ಲಿ ಪ್ಲಾನಿಂಗ್ ನನ್ನ ಪಾಲಿನ ಕೆಲಸ. ಮೊದಲೆಲ್ಲ ಎಕ್ಸೆಲ್. ನಾಲ್ಕು ವರ್ಷದಿಂದ ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಯಾವ ಕೆಲಸ ಯಾವಾಗ ಅಂತ ವೇಳಾಪಟ್ಟಿ ಹಾಕುವ ತಂತ್ರಾಂಶ.

ಹಳೇ ಅಭ್ಯಾಸದಲ್ಲಿ ಪ್ರತಿ ಸಾಲಿಗೂ ಶುರುವಿನ ದಿನಾಂಕ ಟೈಪ್ ಮಾಡುತ್ತಿದ್ದೆ. ಹಾಗೆ ಮಾಡಿದರೆ ‘ಇದಕ್ಕಿಂತ ಮುಂಚೆ ಶುರುವಾಗಕೂಡದು’ ಎಂಬ ಕಟ್ಟು ತಾನಾಗಿಯೇ ಬೀಳುತ್ತದೆ ಅನ್ನುವುದು ಗೊತ್ತಿರಲಿಲ್ಲ. ಒಂದು ಸಲ ಕಂಬಿ ಕೆಲಸ ಮೂರು ದಿನ ಮೊದಲೇ ಮುಗಿಯಿತು, ಎಲೆಕ್ಟ್ರಿಷಿಯನ್ ಸಾಲು ಮಾತ್ರ ಕದಲಲಿಲ್ಲ. ಅವರು ಹಳೇ ತಾರೀಖಿಗೇ ಬಂದರು. ಆ ಮೂರು ದಿನ ಸೈಟ್ ಖಾಲಿ ಬಿದ್ದಿತ್ತು, ಅದು ನನಗೆ ಇವತ್ತಿಗೂ ಬೇಜಾರು.

ಈಗ ದಿನಾಂಕ ಮುಟ್ಟುವುದೇ ಇಲ್ಲ. ಎಷ್ಟು ದಿನದ ಕೆಲಸ, ಯಾವುದರ ಹಿಂದೆ ಬರಬೇಕು, ಇಷ್ಟೇ ತುಂಬುತ್ತೇನೆ. ಒಂದು ಸ್ಲ್ಯಾಬ್ ಅಂದರೆ ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿಯುವ ಅಚ್ಚು, ಆಸರೆ), ಕಂಬಿ, ಕರೆಂಟ್ ವೈರಿನ ಪೈಪು, ಕಾಂಕ್ರೀಟ್, ಕ್ಯೂರಿಂಗ್, ಸೆಂಟ್ರಿಂಗ್ ಬಿಚ್ಚುವುದು. ಪೈಪಿನವರು ಕಂಬಿ ಪೂರ್ತಿ ಮುಗಿಯುವ ತನಕ ಕಾಯಬೇಕಿಲ್ಲ. ಕಂಬಿ ಶುರುವಾದ ಮಾರನೇ ದಿನ ಬಂದರೆ ಸಾಕು. ಅದಕ್ಕೆ ಎಸ್‌ಎಸ್+1, ಅಂದರೆ ಸ್ಟಾರ್ಟ್-ಟು-ಸ್ಟಾರ್ಟ್: ಅದು ಶುರುವಾಗಿ ಒಂದು ದಿನಕ್ಕೆ ಇದು ಶುರು.

ನನಗೆ ಎಲ್ಲಕ್ಕಿಂತ ಉಪಕಾರವಾದದ್ದು ಒಂದೇ ಒಂದು ಅಕ್ಷರ. ಸ್ಪ್ಯಾನ್ (ಹರವು) ನಾಲ್ಕೂವರೆ ಮೀಟರ್ ದಾಟಿದ ಸ್ಲ್ಯಾಬ್‌ಗೆ ಕೊಟ್ಟ ಆಸರೆ ತೆಗೆಯಲು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ 14 ದಿನ. ಬರೀ 14 ದಿನದ ಲ್ಯಾಗ್ (ಎರಡು ಕೆಲಸದ ನಡುವಿನ ಅಂತರ) ಕೊಟ್ಟರೆ ತಂತ್ರಾಂಶ ಭಾನುವಾರ ಬಿಟ್ಟು ಎಣಿಸುತ್ತದೆ. ಆದರೆ ಕಾಂಕ್ರೀಟ್ ಭಾನುವಾರವೂ ಗಟ್ಟಿಯಾಗುತ್ತಲೇ ಇರುತ್ತದೆ. 14ಡಿ (14d) ಬದಲು 14ಇಡಿ (14ed) ಅಂತ ಕೊಟ್ಟರೆ ರಜೆಯ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಸ್ಲ್ಯಾಬ್‌ಗೆ ಎರಡು ದಿನ ಉಳಿಯಿತು, ಐದು ಸ್ಲ್ಯಾಬ್‌ಗೆ ಹತ್ತು!

ಇನ್ನೊಂದು, ‘ಒಂದನೇ ಮಹಡಿ’ ಅನ್ನುವ ತಲೆಸಾಲಿನಿಂದ ‘ಎರಡನೇ ಮಹಡಿ’ಗೆ ಲಿಂಕ್ ಹಾಕಬೇಡಿ. ಕೆಳಗಿನ ಪ್ಲಾಸ್ಟರಿಂಗ್ ಮುಗಿಯುವ ತನಕ ಮೇಲಿನ ಎಲ್ಲ ಕೆಲಸವೂ ನಿಂತುಬಿಡುತ್ತದೆ. ಒಳಗಿನ ಕೆಲಸದಿಂದ ಒಳಗಿನ ಕೆಲಸಕ್ಕೇ ಹಾಕಿ. ಯಾವ ಕೆಲಸ ಯಾವುದನ್ನು ತಳ್ಳುತ್ತಿದೆ ಅಂತ ನೋಡಲು ‘ಟಾಸ್ಕ್ ಪಾತ್’ ಇದೆ, 2013ರ ಆವೃತ್ತಿಯಿಂದ. ಬಾರ್‌ಗೆ ಬಣ್ಣ ಬಂದು ಎದ್ದು ಕಾಣುತ್ತದೆ. ಹೊಸಬರು ಮೊದಲು ಪರದೆಯ ತಳದ ಪಟ್ಟಿಯಲ್ಲಿ ‘ಆಟೋ ಶೆಡ್ಯೂಲ್ಡ್’ ಆಯ್ದುಕೊಳ್ಳಿ, ಇಲ್ಲದಿದ್ದರೆ ಹೊಸ ಸಾಲೆಲ್ಲ ಮ್ಯಾನ್ಯುವಲ್ ಆಗಿಯೇ, ಅಂದರೆ ತಾನಾಗಿ ಕದಲದ ಹಾಗೆ ಬರುತ್ತದೆ.

ಡೆಸ್ಕ್‌ಟಾಪ್ ಆವೃತ್ತಿ ಓಡುವುದು ವಿಂಡೋಸ್‌ನಲ್ಲಿ ಮಾತ್ರ, ಮೇಸ್ತ್ರಿಯ ಫೋನಿನಲ್ಲಿ ಫೈಲ್ ತೆರೆಯುವುದಿಲ್ಲ. ಹಾಗಾಗಿ ಕೆಲಸದ ಹೆಸರೆಲ್ಲ ಕನ್ನಡದಲ್ಲೇ ಬರೆದು, ಪ್ರತಿ ಶನಿವಾರ ಮುಂದಿನ ಎರಡು ವಾರದ ಪಿಡಿಎಫ್ ಅವರಿಗೆ ವಾಟ್ಸಾಪ್ ಮಾಡುತ್ತೇನೆ. ಈಗೀಗ ಅವರೇ ಫೋನ್ ಮಾಡಿ, “ಸರ್, ಪೈಪಿನವರಿಗೆ ಮಂಗಳವಾರ ಅಂತ ಹೇಳಿದ್ದೀರಲ್ವಾ?” ಅಂತ ಕೇಳುತ್ತಾರೆ.