ಎಸ್‌ವಿಎನ್‌ನಿಂದ ಗಿಟ್‌ಗೆ: ಯಾವ ಟೂಲ್, ಎಷ್ಟು ರೆಪೊ?

ಸಬ್‌ವರ್ಷನ್ (ಎಸ್‌ವಿಎನ್), ಗಿಟ್ ಎರಡೂ ಕೋಡಿನ ಬದಲಾವಣೆಗಳ ಹಿಸ್ಟರಿ ಇಡುವ ವ್ಯವಸ್ಥೆಗಳು. ಸಬ್‌ವರ್ಷನ್‌ನಲ್ಲಿ ಹಲವು ರೆಪೊಗಳಾಗಿ (ಕೋಡ್ ಮತ್ತು ಅದರ ಹಿಸ್ಟರಿಯ ಭಂಡಾರಗಳಾಗಿ) ಬೆಳೆದ ಪ್ರಾಜೆಕ್ಟನ್ನು ಗಿಟ್‌ಗೆ ಒಯ್ಯುವಾಗ ತೀರ್ಮಾನ ಎರಡು: ಹಳೆಯ ಹಿಸ್ಟರಿಯನ್ನು ಯಾವ ಟೂಲಿನಿಂದ ತರುವುದು, ತಂದದ್ದನ್ನು ಎಷ್ಟು ರೆಪೊಗಳಲ್ಲಿ ಇಡುವುದು. ಒಂದೇ ಕೋಡ್‌ಬೇಸಿನ ಮೇಲೆ ಬೇರೆ ಬೇರೆ ದಾರಿಗಳನ್ನು ಓಡಿಸಿ ನೋಡಿದೆ.

ಹೆಚ್ಚಿನವರು ಗಿಟ್-ಎಸ್‌ವಿಎನ್‌ನಿಂದ ಶುರು ಮಾಡುತ್ತಾರೆ. ಟ್ರಂಕ್ (ಮುಖ್ಯ ಕೋಡ್), ಬ್ರಾಂಚಸ್ (ಕವಲುಗಳು), ಟ್ಯಾಗ್ಸ್ (ಹೆಸರಿಟ್ಟ ಆವೃತ್ತಿಗಳು) ಎಂಬ ಫೋಲ್ಡರ್ ಶಿಸ್ತು ಮುರಿಯದ ಚಿಕ್ಕ ರೆಪೊಗೆ ಅದು ಸಾಕು. ಆದರೆ ರಿವಿಷನ್‌ಗಳನ್ನು (ಎಸ್‌ವಿಎನ್ ನಂಬರ್ ಕೊಟ್ಟಿಟ್ಟ ಬದಲಾವಣೆಗಳನ್ನು) ಸರ್ವರಿನಿಂದ ಒಂದೊಂದಾಗಿ ಎಳೆಯುತ್ತದೆ. ಎಸ್‌ವಿಎನ್ ಹೆಸರುಗಳನ್ನು ಗಿಟ್‌ನ ಹೆಸರು, ಇಮೇಲ್‌ಗೆ ಹೊಂದಿಸುವ ಆಥರ್ಸ್ ಫೈಲಿನಲ್ಲಿಲ್ಲದ ಹೆಸರು ಎದುರಾದರೆ ಅಲ್ಲೇ ನಿಲ್ಲುತ್ತದೆ. ಹೆಸರು ಸೇರಿಸಿ ಮತ್ತೆ ಓಡಿಸಿದರೆ ಮುಂದುವರಿಯುತ್ತದೆ, ಅದೇನೋ ಸರಿ. ಟ್ಯಾಗ್‌ಗಳು ಮಾತ್ರ ರಿಮೋಟ್ ಬ್ರಾಂಚ್ ವೇಷದಲ್ಲಿ ಬಂದು ಕೂರುತ್ತವೆ, ಅವನ್ನು ನಿಜವಾದ ಟ್ಯಾಗ್ ಮಾಡಲು ಇನ್ನೊಂದು ಸ್ಕ್ರಿಪ್ಟ್ ಬೇಕು.

ಕೆಡಿಇ ಎಂಬ ಡೆಸ್ಕ್‌ಟಾಪ್ ಪ್ರಾಜೆಕ್ಟಿಗಾಗಿ ಹುಟ್ಟಿದ ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್‌ನ ರೀತಿಯೇ ಬೇರೆ. ಎಸ್‌ವಿಎನ್ ರೆಪೊದ ಪೂರ್ತಿ ಪ್ರತಿ ನಮ್ಮ ಡಿಸ್ಕಿನಲ್ಲಿರಬೇಕು, ರೂಲ್ಸ್ ಫೈಲನ್ನು ನಾವೇ ಬರೆಯಬೇಕು: ಈ ರೆಜೆಕ್ಸ್‌ಗೆ (ಅಕ್ಷರಗಳ ಮಾದರಿಗೆ) ಹೊಂದುವ ಪಾತ್ ಆ ರೆಪೊದ ಆ ಬ್ರಾಂಚಿಗೆ. ಯಾವ ರೂಲಿಗೂ ಸಿಗದ ಪಾತ್ ಕಂಡರೆ ಮುಂದೆ ಹೋಗುವುದೇ ಇಲ್ಲ. ಈ ಹಠವೇ ನನಗೆ ಹಿಡಿಸಿದ್ದು. ಯಾರೋ ಎಂದೋ ಟ್ರಂಕಿನ ಹೊರಗೆ ಮಾಡಿಟ್ಟು ಮರೆತ ಫೋಲ್ಡರುಗಳು ಒಂದೊಂದಾಗಿ ಹೊರಬಿದ್ದವು; ಗಿಟ್-ಎಸ್‌ವಿಎನ್ ಅವನ್ನು ಸದ್ದಿಲ್ಲದೆ ಬಿಟ್ಟುಬಂದಿತ್ತು. ವೇಗವೂ ಚೆನ್ನಾಗಿದೆ, ರೂಲ್ ತಿದ್ದಿ ಮೊದಲಿನಿಂದ ಓಡಿಸಲು ಬೇಸರವಾಗದು. ರೆಪೊಸರ್ಜನ್ ಎಂಬ ಮೂರನೆಯ ಟೂಲ್ ಇನ್ನೂ ಗಟ್ಟಿ, 2020ರಲ್ಲಿ ಜಿಸಿಸಿ ಕಂಪೈಲರ್ ಗಿಟ್‌ಗೆ ಬಂದದ್ದು ಅದರಿಂದಲೇ. ಆದರೆ ಅದರ ಕಮಾಂಡ್‌ಗಳನ್ನು ಕಲಿಯುವುದೇ ಒಂದು ಪ್ರಾಜೆಕ್ಟ್.

ಇನ್ನು ರೆಪೊಗಳ ಲೆಕ್ಕ. ಒಂದು ರೆಪೊದೊಳಗೆ ಇನ್ನೊಂದನ್ನು ಎಳೆದು ತರುವ ಎಸ್‌ವಿಎನ್ ಎಕ್ಸ್‌ಟರ್ನಲ್ಸ್ ಬಳಸಿದವರಿಗೆ ಗಿಟ್‌ನ ಸಬ್‌ಮಾಡ್ಯೂಲ್ ಅದರ ತಮ್ಮನಂತೆ ಕಾಣುತ್ತದೆ. ಆದರೆ ರಿವಿಷನ್ ನಮೂದಿಸದ ಎಕ್ಸ್‌ಟರ್ನಲ್ ಪ್ರತಿ ಅಪ್‌ಡೇಟಿಗೂ ಹೊಸದನ್ನೇ ತರುತ್ತದೆ, ಸಬ್‌ಮಾಡ್ಯೂಲ್ ಒಂದೇ ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆಗೆ) ಅಂಟಿಕೊಂಡಿರುತ್ತದೆ. ಲೈಬ್ರರಿಯ ಫಂಕ್ಷನ್ ಒಂದಕ್ಕೆ ಹೊಸ ಆರ್ಗ್ಯುಮೆಂಟ್ ಸೇರಿಸಿದಿರಿ ಎನ್ನಿ. ಲೈಬ್ರರಿಯಲ್ಲಿ ಕಮಿಟ್, ಪುಶ್ (ಸರ್ವರಿಗೆ ಕಳಿಸುವುದು); ಆಮೇಲೆ ಮುಖ್ಯ ರೆಪೊದಲ್ಲಿ ಆ ಕಮಿಟನ್ನು ತೋರಿಸುವ ಪಾಯಿಂಟರ್ ಬದಲಿಸಿ ಕಮಿಟ್, ಮತ್ತೆ ಪುಶ್. ಮೊದಲ ಪುಶ್ ಬಿಟ್ಟುಹೋದರೆ ಉಳಿದವರ ಸಬ್‌ಮಾಡ್ಯೂಲ್ ಅಪ್‌ಡೇಟ್ ಕೈಕೊಡುತ್ತದೆ. ಆಂಡ್ರಾಯ್ಡಿನ ರೆಪೊ ಟೂಲ್, ರೆಪೊಗಳನ್ನು ಪಟ್ಟಿ ಮಾಡುವ ಅದರ ಎಕ್ಸ್‌ಎಂಎಲ್ ಮ್ಯಾನಿಫೆಸ್ಟ್, ಎಲ್ಲ ನೂರಾರು ರೆಪೊ ಇದ್ದವರಿಗೆ.

ಎಲ್ಲವನ್ನೂ ಒಂದೇ ರೆಪೊದಲ್ಲಿಡುವ ಮೊನೊರೆಪೊದಲ್ಲಿ ಅದೇ ಬದಲಾವಣೆ ಒಂದು ಕಮಿಟ್, ಅಷ್ಟೇ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಪ್ರಾಜೆಕ್ಟ್ 2019ರಲ್ಲಿ ಎಸ್‌ವಿಎನ್ ಬಿಟ್ಟಾಗ ಇದೇ ದಾರಿ ಹಿಡಿಯಿತು. ಹಿಸ್ಟರಿಯನ್ನು ತಿದ್ದಿ ಬರೆಯುವ ಗಿಟ್ ಫಿಲ್ಟರ್-ರೆಪೊ ಟೂಲಿನಿಂದ ಪ್ರತಿ ರೆಪೊವನ್ನೂ ಅದರದೇ ಸಬ್‌ಫೋಲ್ಡರಿಗೆ ತಳ್ಳಿ, ಟ್ಯಾಗ್‌ಗಳಿಗೆ ಪ್ರಿಫಿಕ್ಸ್ ಹಾಕಿ (ಇಲ್ಲದಿದ್ದರೆ ಎಲ್ಲದರಲ್ಲೂ ಇರುವ 1.0 ಟ್ಯಾಗ್‌ಗಳು ಡಿಕ್ಕಿ ಹೊಡೆಯುತ್ತವೆ), ಆಮೇಲೆ ಮರ್ಜ್. ನಷ್ಟವೂ ಇದೆ: ಮರ್ಜ್‌ಗೆ ಹಿಂದಿನ ಯಾವ ಕಮಿಟ್ ತೆರೆದರೂ ಒಂದು ರೆಪೊದ ಫೋಲ್ಡರ್ ಮಾತ್ರ ಇರುತ್ತದೆ, ಇಡೀ ಪ್ರಾಜೆಕ್ಟ್ ಬಿಲ್ಡ್ ಆಗದು. ಆ ಕಾಲದ ಬಗ್‌ಗೆ ಬೈಸೆಕ್ಟ್ (ಬಗ್ ತಂದ ಕಮಿಟನ್ನು ಹುಡುಕುವ ಗಿಟ್ ಕಮಾಂಡ್) ನೆಚ್ಚಿಕೊಳ್ಳುವಂತಿಲ್ಲ. ನನಗೆ ಅದು ಒಪ್ಪಿಗೆ. ದಿನಾ ಎರಡೆರಡು ಪುಶ್ ಒಪ್ಪಿಗೆಯಿಲ್ಲ. ನಾವು ಕೈಹಾಕದ ಹೊರಗಿನ ಲೈಬ್ರರಿಗಳನ್ನು ಮಾತ್ರ ಸಬ್‌ಮಾಡ್ಯೂಲ್ ಆಗಿಯೇ ಉಳಿಸಿದೆ.

ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್ ಓಡಿಸುವಾಗ ಆಡ್-ಮೆಟಾಡೇಟಾ ಆಯ್ಕೆ ಬಿಡಬೇಡಿ. ಎಸ್‌ವಿಎನ್ ರಿವಿಷನ್ ನಂಬರ್ ಕಮಿಟ್ ಮೆಸೇಜಿನಲ್ಲೇ ಉಳಿಯುತ್ತದೆ, ಹಳೆಯ ಬಗ್ ರಿಪೋರ್ಟಿನಲ್ಲಿರುವ ನಂಬರನ್ನು ಗಿಟ್ ಲಾಗ್‌ನಲ್ಲಿ ಗ್ರೆಪ್ ಮಾಡಬಹುದು (ಹುಡುಕಬಹುದು). ರೆಪೊಗಳು ಕೂಡಿದ ಮೇಲೆ ಒಂದೇ ನಂಬರ್ ಹಲವು ಕಡೆ ಸಿಗುವುದರಿಂದ ಫೋಲ್ಡರಿನ ಹೆಸರನ್ನೂ ಕೊಟ್ಟು ಹುಡುಕಬೇಕು.