ಎಚ್‌ಎಂಟಿ ಜನತಾ: ವರ್ಷಗಟ್ಟಲೆ ಕಟ್ಟಿದ ಮೇಲೆ ಅನ್ನಿಸಿದ್ದು

ಜನತಾ ವಾಚಿನಲ್ಲಿ ಏನೇನಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ತಾರೀಕಿಲ್ಲ, ವಾರವಿಲ್ಲ, ಸೆಲ್ ಇಲ್ಲ. ನನ್ನದರಲ್ಲಿ ಕತ್ತಲಲ್ಲಿ ಹೊಳೆಯುವ ಮುಳ್ಳೂ ಇಲ್ಲ. ನೀರಿಗಂತೂ ಆಗಿಬರುವುದಿಲ್ಲ. ಇರುವುದು ಮೂರು ಮುಳ್ಳು, ಒಂದು ಡಯಲ್, ದಿನಾ ಕೀ ಕೊಡಬೇಕಾದ ಒಂದು ಮಷಿನ್. ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಈಗ ವರ್ಷಗಳೇ ಆದವು. ಆಫೀಸಿಗೂ ಇದೇ, ಮದುವೆ ಮನೆಗೂ ಇದೇ. ವಾಚಿನ ಒಂದೊಂದು ಭಾಗ ಯಾಕಿದೆ ಅಂತ ತಿಳಿದದ್ದು ಇದನ್ನು ಕಟ್ಟಲು ಶುರು ಮಾಡಿದ ಮೇಲೆ. ಸೆಲ್ ವಾಚು ಕಟ್ಟುತ್ತಿದ್ದಾಗ ಅದರ ಗೋಜಿಗೇ ಹೋಗಿರಲಿಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು, ಆಮೇಲೆ ತುಮಕೂರಿನಲ್ಲೂ ಒಂದಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಜನತಾದ ಒಳಗಿರುವ 0231 ಅನ್ನುವ ಮಷಿನ್ನಿನ ಮೂಲವೂ ಸಿಟಿಜನ್ ವಿನ್ಯಾಸವೇ.

ಈಗ ಕೀ ವಿಷಯ. ಪಕ್ಕದಲ್ಲಿರುವ ಸಣ್ಣ ತಿರುಪನ್ನು ಕ್ರೌನ್ ಅನ್ನುತ್ತಾರೆ. ಅದನ್ನು ಹೊರಗೆಳೆಯದೆ ತಿರುಗಿಸಿದರೆ ಒಳಗಿನ ಮುಖ್ಯ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಎಳೆದು ತಿರುಗಿಸಿದರೆ ಮುಳ್ಳು ಓಡಾಡುತ್ತವೆ. ನಾನು ಬೆಳಗ್ಗೆ ಕಾಫಿ ಆದ ಮೇಲೆ ಕೀ ಕೊಡುತ್ತೇನೆ. ಬೆರಳಿಗೆ ಕಿರ್ರ್ ಕಿರ್ರ್ ಅನ್ನಿಸುತ್ತಾ ಹೋಗಿ, ಕೊನೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಬಿಟ್ಟುಬಿಡಬೇಕು, ಜೋರು ಮಾಡಬಾರದು. ಕೈ ಆಡಿದ ಹಾಗೆ ತಾವೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ವಾಚುಗಳಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಜಾರಿಕೊಳ್ಳುತ್ತದೆ. ಇದರಲ್ಲಿ ಆ ವ್ಯವಸ್ಥೆ ಇಲ್ಲ. ಇನ್ನೊಂದು, ಕೈಗೆ ಕಟ್ಟಿಕೊಂಡೇ ಕೀ ಕೊಡಬೇಡಿ. ಕ್ರೌನಿನ ಕಡ್ಡಿಗೆ ಓರೆಯಾಗಿ ಒತ್ತಡ ಬಿದ್ದು ಸವೆಯುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದು ಕೊಡಿ. ಒಂದು ಸಲ ಪೂರ್ತಿ ಕೊಟ್ಟರೆ ಒಂದು ದಿನ ಕಳೆದು ಮಾರನೇ ದಿನಕ್ಕೂ ಸ್ವಲ್ಪ ಉಳಿಯುತ್ತದೆ.

ಸ್ಪ್ರಿಂಗಿನ ಶಕ್ತಿ ಒಂದೇ ಏಟಿಗೆ ಬಿಚ್ಚಿಕೊಳ್ಳದಂತೆ ತಡೆದು, ಚೂರು ಚೂರಾಗಿ ಬಿಡುವ ಲಯ ಹಿಡಿಯುವುದು ಬ್ಯಾಲೆನ್ಸ್ ಚಕ್ರ. ನನಗೆ ಈ ವಾಚಿನಲ್ಲಿ ಅತಿ ಇಷ್ಟವಾದ ಭಾಗ ಇದೇ. ರಿಪೇರಿಯವರು ಹಿಂದಿನ ಮುಚ್ಚಳ ತೆಗೆದಾಗ ನೋಡಿ, ಉಯ್ಯಾಲೆಯ ಹಾಗೆ ಅತ್ತ ಇತ್ತ ತೂಗುತ್ತಾ ಇರುತ್ತದೆ. ಅದನ್ನು ಪ್ರತಿ ಸಲ ಹಿಂದಕ್ಕೆ ಎಳೆಯುವುದು ಹೇರ್‌ಸ್ಪ್ರಿಂಗ್ ಅನ್ನುವ ತೆಳ್ಳನೆಯ ಸುರುಳಿ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಅದಕ್ಕೇ ಸೆಕೆಂಡಿನ ಮುಳ್ಳು ಸೆಲ್ ವಾಚಿನ ಥರ ಟಕ್ ಅಂತ ಒಂದೊಂದೇ ಹೆಜ್ಜೆ ಇಡುವುದಿಲ್ಲ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಸರಿಯುತ್ತದೆ. ಸೆಲ್ ವಾಚಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಟೈಮಿನ ವಿಷಯದಲ್ಲಿ ಅದರ ಮುಂದೆ ಐದರ ಆಟ ನಡೆಯುತ್ತಾ? ನಡೆಯಲ್ಲ. ನನ್ನದು ದಿನಕ್ಕೆ ಅರ್ಧ ನಿಮಿಷದ ಒಳಗೆ ಆಚೀಚೆ ಆಗುತ್ತದೆ. ಇಷ್ಟು ಹಳೆಯ ಕೀ ವಾಚಿಗೆ ಅದು ಚೆನ್ನಾಗಿಯೇ ಇದೆ ಅನ್ನಬೇಕು. ರೈಲು ಹಿಡಿಯಲು ಫೋನ್ ಇದೆಯಲ್ಲ.

ಈ ಆಚೀಚೆ ಆಗುವುದರಲ್ಲೂ ಒಂದು ತಮಾಷೆ ಇದೆ. ರಾತ್ರಿ ಮೇಜಿನ ಮೇಲೆ ಡಯಲ್ ಮೇಲ್ಮುಖ ಮಾಡಿ ಇಟ್ಟರೆ ಒಂದು ಲೆಕ್ಕ, ನಿಲ್ಲಿಸಿ ಇಟ್ಟರೆ ಇನ್ನೊಂದು. ಭೂಮಿಯ ಸೆಳೆತ ಚಕ್ರದ ಮೇಲೆ ಬೇರೆ ಬೇರೆ ಥರ ಬೀಳುವುದರಿಂದ ಹೀಗಾಗುತ್ತದೆ. ಹಗಲೆಲ್ಲ ಮುಂದೆ ಓಡುವ ವಾಚನ್ನು ರಾತ್ರಿ ಹಿಂದೆ ಬೀಳುವ ಭಂಗಿಯಲ್ಲಿ ಮಲಗಿಸಿದರೆ ಲೆಕ್ಕ ಸರಿಹೋಗುತ್ತದೆ. ಸುಮ್ನೆ ಪ್ರಯೋಗ ಮಾಡಿ ನೋಡಬಹುದು, ಖರ್ಚೇನೂ ಇಲ್ಲ. ಆದರೆ ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ಹಲವು ನಿಮಿಷ ಮುಂದೆ ಓಡಲು ಶುರು ಮಾಡಿದರೆ ಮೊದಲು ಅಯಸ್ಕಾಂತದ ಮೇಲೆ ಅನುಮಾನಪಡಿ. ಸ್ಪೀಕರ್ ಪಕ್ಕ ಇಟ್ಟಾಗ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ರಿಪೇರಿಯವರ ಹತ್ತಿರ ಆ ಅಯಸ್ಕಾಂತದ ಗುಣ ತೆಗೆಯುವ ಪುಟ್ಟ ಯಂತ್ರ ಇರುತ್ತದೆ, ಕ್ಷಣದ ಕೆಲಸ. ಅಷ್ಟಕ್ಕೇ ಸರ್ವಿಸ್ ಮಾಡಿಸಬೇಕು ಅಂದರೆ ಒಪ್ಪಬೇಡಿ.

ಡಯಲ್ ಮೇಲಿನ 17 ಜ್ಯುವೆಲ್ಸ್ ನೋಡಿ ಅಕ್ಕಸಾಲಿಗರ ಹತ್ತಿರ ಓಡಬೇಕಿಲ್ಲ. ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಚಕ್ರದ ಅಚ್ಚು ತಿರುಗುವ ಜಾಗದಲ್ಲಿ ಸವೆತ ಆಗದಿರಲಿ ಅಂತ ಕೂರಿಸುತ್ತಾರೆ. ಸಾದಾ ಕೀ ವಾಚಿಗೆ 17 ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ವಾಚು ಹೆಚ್ಚು ಒಳ್ಳೆಯದು ಅಂತೇನಿಲ್ಲ. ಪ್ಯಾರಾ ಶಾಕ್ ಅನ್ನುವುದು ಬ್ಯಾಲೆನ್ಸ್ ಅಚ್ಚಿನ ರಕ್ಷಣೆ. ವಾಚು ಬಿದ್ದಾಗ ಆ ಅಚ್ಚಿನ ಕಲ್ಲು ಸ್ಪ್ರಿಂಗಿನ ಮೇಲೆ ಸ್ವಲ್ಪ ಸರಿದು ಪೆಟ್ಟು ತಾಳಿಕೊಳ್ಳುತ್ತದೆ. ಹಾಗಂತ ಬೈಕಿನಲ್ಲಿ ಹಂಪ್ ಹಾರಿಸಿಕೊಂಡು ಪರೀಕ್ಷೆ ಮಾಡುವುದು ಬೇಡ.

ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್. ಬೇಗ ಗೀರು ಬೀಳುತ್ತದೆ, ಅದೊಂದು ಕಿರಿಕಿರಿ. ಆದರೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರು ಮಾಯ. ಬೇರೆ ಕೆಲವು ವಾಚುಗಳಲ್ಲಿರುವ ಸಫೈರ್ ಗಾಜಿಗೆ ಸುಲಭಕ್ಕೆ ಗೀರಾಗಲ್ಲ, ಆದರೆ ಜೋರು ಪೆಟ್ಟು ಬಿದ್ದರೆ ಒಡೆಯಬಹುದು, ಬದಲಾಯಿಸಲು ದುಬಾರಿ. ಮಳೆಗಾಲದಲ್ಲಿ ಮಾತ್ರ ಜನತಾವನ್ನು ಮನೆಯಲ್ಲೇ ಬಿಡಿ. ಬೇರೆ ವಾಚುಗಳ ಮೇಲಿನ 30 ಮೀಟರ್ ಅನ್ನುವ ಬರಹವನ್ನೂ ಅಷ್ಟಕ್ಕಷ್ಟೇ ನಂಬಿ. ಕೈ ತೊಳೆಯುವಾಗ ಸಿಡಿದ ನೀರಿಗೆ ಅದು ಸರಿ, ಈಜಲು ಅಲ್ಲ.

ಅಳತೆ ಸುಮಾರು 35 ಮಿಲಿಮೀಟರ್. ಈಗಿನ ದೊಡ್ಡ ದೊಡ್ಡ ವಾಚು ನೋಡಿದ ಕಣ್ಣಿಗೆ ಪುಟ್ಟದು ಅನ್ನಿಸಬಹುದು. ಶರ್ಟಿನ ತೋಳಿನೊಳಗೆ ಸಲೀಸಾಗಿ ಕೂರುತ್ತದೆ, ನನಗೆ ಅದೇ ಹಿತ.

ಕೊಳ್ಳುವ ಮಾತಿಗೆ ಬರೋಣ, ಜನ ಎಡವುವುದು ಇಲ್ಲೇ. ಆನ್‌ಲೈನಿನಲ್ಲಿ ಕಾಣುವ ಹಸಿರು, ಕೆಂಪು, ನೀಲಿ ಡಯಲಿನ ಫಳಫಳ ಜನತಾಗಳಲ್ಲಿ ಎಷ್ಟೋ ಆಮೇಲೆ ಬಣ್ಣ ಬಳಿದವು. ಗೆಳೆಯನೊಬ್ಬ ಹಾಗೇ ಒಂದು ತರಿಸಿದ. ಡಯಲ್ ಮೇಲಿನ ಅಕ್ಷರದ ಅಂಚು ಕದಡಿತ್ತು, ಸೆಕೆಂಡಿನ ಮುಳ್ಳು ಬೇರೆ ಯಾವುದೋ ವಾಚಿನದು. ಮುಚ್ಚಳ ತೆಗೆದರೆ ಒಳಗೆ ತುಕ್ಕು. ಮಾರಿದವರು ಫೋನೇ ಎತ್ತಲಿಲ್ಲ. ಮಾಸಿದ ಡಯಲ್ ಇರುವ, ಅಂಚಿನಲ್ಲಿ ಹಳದಿ ತಿರುಗಿದ ವಾಚು ಸಿಕ್ಕರೆ ನಾನಾದರೆ ಅದನ್ನೇ ಆರಿಸುತ್ತೇನೆ. ಎಣ್ಣೆ ಒಣಗಿದ್ದರೆ ಬಿಚ್ಚಿ ತೊಳೆದು ಹೊಸ ಎಣ್ಣೆ ಬಿಡಿಸಬಹುದು, ಈ ಮಷಿನ್ ಬಲ್ಲ ಹಳೆಯ ರಿಪೇರಿಯವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ತುಕ್ಕು ತಿಂದ ಚಕ್ರಕ್ಕೆ ಮಾತ್ರ ಎಣ್ಣೆಯಿಂದ ಏನೂ ಆಗಲ್ಲ. ಆದ್ದರಿಂದ ದುಡ್ಡು ಕಳಿಸುವ ಮೊದಲು ಮುಚ್ಚಳ ತೆಗೆದು ಒಳಗಿನ ಫೋಟೊ ಕೇಳಿ, ಜೊತೆಗೆ ಬ್ಯಾಲೆನ್ಸ್ ಚಕ್ರ ತಿರುಗುವ ಒಂದು ವಿಡಿಯೊ. ಕೊಡಲ್ಲ ಅಂದರೆ ಬೇರೆ ಕಡೆ ನೋಡಿ.